ಒಂದು ರೋಲಿಗೆ ಎರಡು ನೂಲು

ಫೋರ್ಕ್‌ಲಿಫ್ಟಿನ ಎರಡು ಕಬ್ಬಿಣದ ಕೋಲುಗಳು ನನ್ನ ಹೊಟ್ಟೆಯ ಮಟ್ಟಕ್ಕೆ ಬಂದು ನಿಂತವು.

ಹಿಂದೆ ಗೋಡೆ. ಎಡಕ್ಕೆ ಬೆಲ್ಟ್ ರೋಲುಗಳ ರಾಶಿ. ಬಲಕ್ಕೆ... ವೇಣುಗೋಪಾಲ್! ಈ ಫ್ಯಾಕ್ಟರಿಯ ಮ್ಯಾನೇಜರ್.

"ಲ್ಯಾಪ್‌ಟಾಪ್ ಇಟ್ಬಿಟ್ಟು ಹೋಗಿ ಮೇಡಂ," ಎಂದ. "ನಿಮ್ ಕೆಲ್ಸ ಮುಗೀತು."

ಮೆತ್ತಗೆ ಹೇಳಿದ. ಕೂಗಾಡುವವರಿಗೆ ನಾನು ಹೆದರುವುದಿಲ್ಲ, ಇಂಥವರಿಗೆ ಹೆದರುತ್ತೇನೆ.

ನಾನು ಶಾಮಲಾ. ಫ್ಯಾಕ್ಟರಿಯ ಕಂಪ್ಯೂಟರ್ ಸುಳ್ಳು ಹೇಳತೊಡಗಿದರೆ ಮಾಲೀಕರು ನನ್ನನ್ನು ಕರೆಸುತ್ತಾರೆ. ದೊಡ್ಡಬಳ್ಳಾಪುರದ ಈ ಫ್ಯಾಕ್ಟರಿ ನೇಯುವುದು ಸೀರೆಯಲ್ಲ, ಟವರ್ ಹತ್ತುವವರು ಸೊಂಟಕ್ಕೆ ಕಟ್ಟುವ ಸೇಫ್ಟಿ ಬೆಲ್ಟು. ನೂಲು ಬಂದು ಇಳಿಯುವುದರಿಂದ ಹಿಡಿದು ಮಾಲು ಹೊರಡುವವರೆಗೆ ಎಲ್ಲ ಲೆಕ್ಕವೂ ಒಂದೇ ಡೇಟಾಬೇಸಿನಲ್ಲಿ. ಕಳೆದ ವಾರ ನೂಲಿನ ಒಂದು ಲಾಟ್ ಕಳಪೆ ಎಂದು ಗೊತ್ತಾಯಿತು. ಆ ಲಾಟಿನ ಬೆಲ್ಟುಗಳನ್ನೆಲ್ಲ ಕಂಪ್ಯೂಟರ್ ಹುಡುಕಿಕೊಟ್ಟಿತು, ಇವರು ಸುಟ್ಟರು. ಕತೆ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ!

ಒಳ್ಳೆಯ ನೂಲಿನದು ಎಂದು ಕಂಪ್ಯೂಟರ್ ಆಣೆ ಇಟ್ಟು ಹೇಳಿದ ಬೆಲ್ಟೊಂದು ಟೆಸ್ಟಿಂಗ್‌ನಲ್ಲಿ ಪಟ್ ಎಂದು ಹರಿಯಿತು.

ಟೆಸ್ಟಿಂಗ್ ಮಷಿನ್ನೇ ಕೆಟ್ಟಿದೆ ಎಂದರು. ನನಗೆ ರೇಗಿತು. ಲೂಮ್ ಪಕ್ಕ ಹೋಗಿ ನಿಂತೆ. ನಾನು ಇದೇ ಊರಿನ ನೇಕಾರರ ಮನೆಯವಳು. ನೋಡಿದ ಕೂಡಲೇ ಗೊತ್ತಾಯಿತು.

ನಮ್ಮವರು ಮಗ್ಗವನ್ನು ಬರಿದು ಬಿಡುವುದಿಲ್ಲ. ಉದ್ದೆಳೆಗಳ ಹಳೆಯ ಹಾಸು ಮುಗಿಯುವ ಮೊದಲೇ ಅದರ ತುದಿಗೆ ಹೊಸ ಎಳೆಗಳನ್ನು ಕೆಚ್ಚುತ್ತಾರೆ, ಒಂದೊಂದನ್ನೇ ಗಂಟು ಹಾಕಿ ಸೇರಿಸುತ್ತಾರೆ. ಆಪರೇಟರ್ ರಾಮಾಂಜಿನಪ್ಪ ಮಾಡುತ್ತಿದ್ದದ್ದೂ ಅದನ್ನೇ. ಗಂಟು ಬಂದ ಭಾಗವನ್ನು ಕತ್ತರಿಸಿ ಎಸೆದು, ಮುಂದಿನದನ್ನು ಅದೇ ರೋಲಿಗೆ ಸುತ್ತುತ್ತಿದ್ದ. ಅರ್ಧ ರೋಲು ಹಳೆಯ ನೂಲು, ಉಳಿದದ್ದು ಹೊಸದು!

ಡೇಟಾಬೇಸ್ ಡಿಸೈನ್ ಮಾಡಿದ ಪುಣ್ಯಾತ್ಮ ಒಂದು ರೋಲಿಗೆ ಒಂದೇ ಲಾಟ್ ಎಂದುಕೊಂಡಿದ್ದ. ಎರಡನೆಯದನ್ನು ಬರೆಯಲು ಅವನು ಜಾಗವನ್ನೇ ಇಟ್ಟಿರಲಿಲ್ಲ. ಹಾಗಾಗಿ ಕಳಪೆ ನೂಲು ಒಳ್ಳೆಯ ನೂಲಿನ ಹೆಸರಿನಲ್ಲಿ ಪಾಸಾಗಿತ್ತು.

ಕಳಪೆ ನೂಲು ಲೂಮ್ ಏರಿದ ಹೊತ್ತು ಹಿಡಿದು ಹುಡುಕಿದೆ. ಅಂಥ ರೋಲು ಒಂದೇ. ಅದರ ಬೆಲ್ಟುಗಳು ಬೆಳಿಗ್ಗೆಯೇ ಸೂಲಿಬೆಲೆಯ ಟವರ್ ಕೆಲಸಕ್ಕೆ ಹೋಗಿದ್ದವು. ವಾಪಸ್ ತರಿಸಿ ಎಂದೆ. ಆರ್ಡರ್ ಕೈತಪ್ಪುತ್ತದೆ ಎಂದ ವೇಣುಗೋಪಾಲ್. ಅವನ ಕೈಸನ್ನೆಗೆ ಡ್ರೈವರ್ ಫೋರ್ಕ್‌ಲಿಫ್ಟನ್ನು ನನ್ನ ಮೇಲೆ ತಂದದ್ದು ಆಗಲೇ.

ಲ್ಯಾಪ್‌ಟಾಪನ್ನು ಅವನ ಮುಖಕ್ಕೇ ಎಸೆದೆ!

ಕೋಲುಗಳ ಕೆಳಗೆ ನುಸುಳಿ ಕಾರಿಗೆ ಓಡಿದೆ.

ದೇವನಹಳ್ಳಿ ದಾಟಿದರೂ ಹಿಂದೆ ಅವನ ಜೀಪು. ಒಮ್ಮೆ ಗುದ್ದಿದ. ಹಿಂದಿನ ಗಾಜು ಪುಡಿಯಾಯಿತು. ದ್ರಾಕ್ಷಿ ತೋಟದ ಮಣ್ಣುದಾರಿಗೆ ಸ್ಟೇರಿಂಗ್ ತಿರುಗಿಸಿದೆ, ಜೀಪು ಹಿಂದುಳಿಯಿತು. ಒಂದು ಕೈಯಲ್ಲಿ ಫೋನ್. ಮಾಲು ಹೋದ ವಿಳಾಸದ ಜೊತೆ ಬರೆದುಕೊಂಡಿದ್ದ, ಟವರ್ ಹತ್ತುವ ರವಿಚಂದ್ರನ ನಂಬರ್ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಎತ್ತದಿದ್ದರೆ ಅವನು ಮೇಲಿದ್ದಾನೆ ಎಂದೇ ಅರ್ಥ.

ಮೇಲೇ ಇದ್ದ.

ನೆತ್ತಿ ಸುಡುವ ಬಿಸಿಲು. ಟವರಿನ ಅರ್ಧದಲ್ಲಿ ಅವನು ಬೆಲ್ಟ್ ಸಿಕ್ಕಿಸಿ, ಎರಡೂ ಕೈ ಬಿಟ್ಟು ಹಿಂದಕ್ಕೆ ವಾಲಲು ಹೊರಟಿದ್ದ.

"ಬೆಲ್ಟಿಗೆ ಭಾರ ಬಿಡ್ಬೇಡಪ್ಪಾ! ಕಂಬಿ ಹಿಡ್ಕೊಂಡೇ ಇಳಿ!"

"ಯಾರ್ರೀ ನೀವು?"

"ನಿನ್ ಬೆಲ್ಟ್ ನೇಯ್ದ ಊರವಳು. ಇಳಿ ಮೊದ್ಲು."

ನನ್ನ ದನಿಯಲ್ಲಿ ಏನು ಕೇಳಿಸಿತೋ, ಇಳಿದ. ಅವನ ಕಾಲು ನೆಲ ಮುಟ್ಟಿದಾಗ ನನಗೆ ಅಳು ಬಂದುಬಿಟ್ಟಿತು. ನಾಚಿಕೆಯೇನೂ ಆಗಲಿಲ್ಲ.

ಜೀಪು ಬಂತು. ವೇಣುಗೋಪಾಲ್ ಇಳಿದ, ಮೂಗಿನಿಂದ ರಕ್ತ ಸುರಿಯುತ್ತಿತ್ತು. ರವಿಚಂದ್ರನ ಕಡೆಗೆ ತಿರುಗಿ, ಈ ಹೆಂಗಸಿನ ಮಾತು ಕೇಳಬೇಡ, ಕೆಲಸ ಮುಂದುವರಿಸು ಎಂದ.

"ಸಿಸ್ಟಂನಲ್ಲಿ ಪಾಸ್ ಆಗಿರೋ ಮಾಲು ಕಣಯ್ಯಾ ಅದು."

ನಾನು ರವಿಚಂದ್ರನ ಬೆಲ್ಟ್ ಬಿಚ್ಚಿಸಿ ವೇಣುಗೋಪಾಲನ ಮುಂದೆ ಹಿಡಿದೆ.

"ಹಾಗಾದ್ರೆ ನೀವೇ ಕಟ್ಕೊಂಡು ಹತ್ತಿ ಸಾರ್."

ಅವನು ಬೆಲ್ಟ್ ನೋಡಿದ. ಟವರ್ ನೋಡಿದ. ಜೇಬಿನಿಂದ ಫೋನ್ ತೆಗೆದು, ಆ ರೋಲಿನ ಮಾಲನ್ನೆಲ್ಲ ವಾಪಸ್ ತರಿಸಿ ಎಂದು ಫ್ಯಾಕ್ಟರಿಗೆ ಹೇಳಿದ.

ಡೇಟಾಬೇಸನ್ನು ಎಷ್ಟೋ ಮ್ಯಾನೇಜರ್‌ಗಳಿಗೆ ಕಲಿಸಿದ್ದೇನೆ... ಇಷ್ಟು ಬೇಗ ಯಾರೂ ಕಲಿತಿರಲಿಲ್ಲ!