ಹಗ್ಗದ ಎರಡು ತುದಿ

ಅವನು ಬಂದದ್ದು ಜಗಳಕ್ಕೆ. ಅವಳು ಅವನ ಕೈಗೆ ಹಗ್ಗ ಕೊಟ್ಟಳು.

ಜಿಲ್ಲೆಯಲ್ಲಿ ಕಾರುಗಳ ಓಡಾಟ ತಗ್ಗಿಸುವುದು ಸಾರಿಗೆ ಕಚೇರಿಯಲ್ಲಿ ಅವಳ ಕೆಲಸ. ನಡೆಯಿರಿ, ಸೈಕಲ್ ತುಳಿಯಿರಿ ಎಂದು ಪೋಸ್ಟರ್ ಅಂಟಿಸಿ ಅಂಟಿಸಿ ಸಾಕಾಗಿ, ಕೊನೆಗೆ ಶಾಲೆಯ ಬೀದಿಯನ್ನು ಬೆಳಗಿನ ಹೊತ್ತು ಕಾರುಗಳಿಗೆ ಮುಚ್ಚಿಸಿದ್ದಳು, ಪರೀಕ್ಷೆ ಮುಗಿಯುವವರೆಗೆ ಮಾತ್ರ. ಮಕ್ಕಳು ಉದ್ದನೆಯ ಹಗ್ಗದ ಹಿಡಿಕೆಗಳನ್ನು ಹಿಡಿದು ಸಾಲಾಗಿ ನಡೆಯಬೇಕು, ಎರಡು ತುದಿಗೂ ಒಬ್ಬೊಬ್ಬರು ದೊಡ್ಡವರು ಇರಬೇಕು.

ಮೊದಲ ದಿನ ಹಿಂದಿನ ತುದಿಗೆ ಒಪ್ಪಿಕೊಂಡಿದ್ದವರು ಕೈಕೊಟ್ಟರು. ಬ್ಯಾರಿಕೇಡಿನ ಪಕ್ಕ ಎತ್ತರದ ಮನುಷ್ಯನೊಬ್ಬ ಮುಖ ಗಂಟು ಹಾಕಿಕೊಂಡು ನಿಂತಿದ್ದ. ಬದಲಿಗೆ ಬಂದವನೇ ಇರಬೇಕು ಎಂದುಕೊಂಡ ಅವಳು, "ಲೇಟಾಗಿ ಬಂದ್ರಿ. ಇದನ್ನ ಹಿಡ್ಕೊಳ್ಳಿ, ಏನೇ ಆದ್ರೂ ಬಿಡಬೇಡಿ" ಎಂದು ಮುಂದಕ್ಕೆ ಹೋಗಿಬಿಟ್ಟಳು.

ಅವನು ಟ್ಯಾಕ್ಸಿ ಡ್ರೈವರ್. ಅವಳನ್ನು ತರಾಟೆಗೆ ತೆಗೆದುಕೊಳ್ಳಲು ಮಾತೆಲ್ಲ ಜೋಡಿಸಿಕೊಂಡು ಬಂದಿದ್ದ. ಆದರೆ ಸಾಲು ಹೊರಟಾಗಿತ್ತು, ತುದಿ ಕೈಯಲ್ಲಿತ್ತು. ಶಾಲೆಯ ಗೇಟಿನವರೆಗೂ ನಡೆದು, ಆಮೇಲೆ ತಾನು ಯಾರೆಂದು ಹೇಳಿದ. ಅವಳ ಕಿವಿ ಕೆಂಪಾಯಿತು. ಹಾಗಾದರೆ ಜಗಳ ಆಡಿ ಎಂದಳು. ಅವನು ಒಳಗೆ ಓಡುವ ಮಕ್ಕಳನ್ನೇ ನೋಡುತ್ತಿದ್ದ. "ಇವತ್ತು ಹೊತ್ತಾಯ್ತು, ನಾಳೆ ಆಡ್ತೀನಿ" ಎಂದ.

ನಾಳೆ ಬಂದ. ನಾಡಿದ್ದೂ ಬಂದ. ಕೇಳಿದರೆ ಜಗಳ ಬಾಕಿ ಇದೆಯಲ್ಲ ಎನ್ನುತ್ತಿದ್ದ. ಮಕ್ಕಳು ಸಾಲನ್ನು ರೈಲು ಮಾಡಿ, ಅವಳಿಗೆ ಇಂಜಿನ್ ಎಂದೂ ಅವನಿಗೆ ಗಾರ್ಡ್ ಎಂದೂ ಹೆಸರಿಟ್ಟರು. ಇಂಜಿನ್ ಹಿಂದೆ ತಿರುಗಬಾರದು, ಗಾರ್ಡ್ ತನ್ನ ಜಾಗ ಬಿಡಬಾರದು ಎಂಬ ಕಾನೂನೂ ಮಕ್ಕಳದ್ದೇ. ಹಾಗಾಗಿ ಅವಳಿಗೆ ಅವನು ಗೊತ್ತಾದದ್ದು ಹಗ್ಗದಲ್ಲಿ. ಯಾರದೋ ಶೂ ಲೇಸ್ ಬಿಚ್ಚಿಕೊಂಡರೆ ಅವನು ನಿಲ್ಲಿ ಎಂಬಂತೆ ಹಗ್ಗವನ್ನು ಮೆಲ್ಲಗೆ ಒಮ್ಮೆ ಎಳೆಯುತ್ತಿದ್ದ. ಅಷ್ಟು ಮೆಲ್ಲಗೆ ತನ್ನನ್ನು ಯಾರೂ ಕರೆದಿರಲಿಲ್ಲ ಎಂದು ಅವಳಿಗೆ ಅನ್ನಿಸತೊಡಗಿತು. ಮಕ್ಕಳನ್ನು ಶಾಲೆಗೆ ಬಿಡುವುದಕ್ಕೆ ಇಷ್ಟು ಹೊತ್ತು ಕನ್ನಡಿ ಬೇಕಾ ಎಂದು ಅಮ್ಮ ಕೇಳಿದರೆ, ಕೇಳಿಸದವಳಂತೆ ಚಪ್ಪಲಿ ಹುಡುಕುತ್ತಿದ್ದಳು.

ಮಕ್ಕಳನ್ನು ಬಿಟ್ಟಮೇಲೆ ಹಗ್ಗ ಸುತ್ತಿ ಚೀಲಕ್ಕೆ ಹಾಕಬೇಕು. ಒಂದು ದಿನ ಮಾತಿನ ಭರದಲ್ಲಿ ಇಬ್ಬರೂ ಮರೆತು, ಖಾಲಿ ಹಗ್ಗದ ಎರಡು ತುದಿ ಹಿಡಿದೇ ವಾಪಸು ಬಂದರು. ಬೇಕರಿಯವನು ಬಾಗಿಲಲ್ಲಿ ನಿಂತು, ಪ್ಯಾಸೆಂಜರ್ ಎಲ್ಲ ಎಲ್ಲಿ ಇಳಿದುಬಿಟ್ಟರು ಎಂದು ಕೇಳಿದ. ಅಂದಿನಿಂದ ದಿನವೂ ಮರೆತರು. ಹಗ್ಗದುದ್ದ ದೂರದಿಂದ ಮಾತಾಡಿದರೆ ಇಡೀ ಬೀದಿಗೆ ಕೇಳುತ್ತಿತ್ತು. ಅದರಿಂದ ಮಳೆ, ಬಿಸಿಲು, ಸೈಕಲ್ ಪಂಕ್ಚರ್ ಇವಿಷ್ಟೇ ಮಾತು. ಹೇಳಬೇಕಾದದ್ದು ಹಾಗೇ ಉಳಿಯಿತು.

ಒಂದು ಬೆಳಿಗ್ಗೆ ಆಂಬುಲೆನ್ಸ್ ಸದ್ದು ಕೇಳಿತು. ಹಗ್ಗ ಜೋರಾಗಿ ಜಗ್ಗಿತು. ಮಕ್ಕಳು ಗೋಡೆಗೆ ಒತ್ತಿಕೊಂಡು ನಿಂತರು, ಗಾಡಿ ಹೋಯಿತು. ಹೋದಮೇಲೂ ಹಗ್ಗ ಬಹಳ ಹೊತ್ತು ನಡುಗುತ್ತಲೇ ಇತ್ತು. ತಿರುಗಿ ನೋಡಬೇಕೆಂದು ಅವಳ ಜೀವ ಎಳೆಯಿತು, ಆದರೂ ನೋಡಲಿಲ್ಲ.

ಪರೀಕ್ಷೆಗಳು ಮುಗಿಯುತ್ತಾ ಬಂದವು. ಬೀದಿಯ ವಿಷಯ ಪುರಭವನದಲ್ಲಿ ಎಲ್ಲರ ಮುಂದೆ ತೀರ್ಮಾನವಾಗಬೇಕಿತ್ತು. ಸೋತರೆ ಅವಳನ್ನು ದೂರದ ಮುಖ್ಯ ಕಚೇರಿಗೆ ಎತ್ತಂಗಡಿ ಮಾಡುತ್ತಾರೆ. ಬೀದಿ ತೆರೆಸಬೇಕೆಂದಿದ್ದ ಡ್ರೈವರುಗಳೂ ಅಂಗಡಿಯವರೂ ತಮ್ಮ ಪರವಾಗಿ ಮಾತಾಡಲು ಒಬ್ಬನನ್ನು ಆರಿಸಿದ್ದರು. ಅದು ತಾನೇ ಎಂದು ಅವನು ನೆಲ ನೋಡುತ್ತಾ ಹೇಳಿದ.

"ಬಾಕಿ ಇದ್ದ ಜಗಳ ಅಲ್ವಾ, ಆಡಿ" ಎಂದಷ್ಟೇ ಹೇಳಿ ಹಗ್ಗ ಸುತ್ತಿದಳು.

ಪುರಭವನದಲ್ಲಿ ಅವನು ಎದ್ದು ನಿಂತು ಕೈ ಉಜ್ಜಿಕೊಂಡ.

"ನನ್ನ ಹೆಂಡತಿ ಆ ಬೀದೀಲೇ ತೀರ್ಕೊಂಡ್ಳು. ಆಸ್ಪತ್ರೆಗೆ ಹೋಗ್ತಾ, ನನ್ನ ಟ್ಯಾಕ್ಸೀಲೇ, ಹಿಂದಿನ ಸೀಟಲ್ಲಿ. ಶಾಲೆ ಟೈಮು. ಹಾರ್ನ್ ಹೊಡೀತಾನೇ ಇದ್ದೆ. ಸರಿಯೋಕೆ ಯಾರಿಗೂ ಜಾಗ ಇರ್ಲಿಲ್ಲ. ಯಾವ ಕಾರ್ ನೋಡಿದ್ರೂ ಒಳಗೆ ಒಂದು ಮಗು. ಅವರನ್ನ ಬೈಯೋ ಹಾಗಿಲ್ಲ, ನಾನೂ ದಿನಾ ಅಲ್ಲೇ ಮಕ್ಕಳನ್ನ ಇಳಿಸ್ತಿದ್ದೆ."

ಅವನು ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡ.

"ಬೀದಿ ಮುಚ್ಚಿದ್ರೆ ಆಸ್ಪತ್ರೆಗೆ ದಾರಿ ಸಿಗದೆ ಇನ್ನೊಬ್ಬಳು ಹೀಗೇ ಸಾಯ್ತಾಳೆ ಅಂತ ಜಗಳ ಆಡೋಕೇ ಮೊದಲನೇ ದಿನ ಹೋಗಿದ್ದು. ಆದ್ರೆ ಮೊನ್ನೆ ಆಂಬುಲೆನ್ಸ್ ಬಂತು. ಹಗ್ಗ ಎಳೆದೆ. ಮಕ್ಕಳು ಸರಿದ್ರು. ಅದು ಹೋಯ್ತು." ಅವನು ಬೇಕರಿಯವನ ಕಡೆ ತಿರುಗಿದ. "ಹಾಗೇ ಹೋಗಿಬಿಡ್ತು. ತೆರೀಬೇಡಿ ಆ ಬೀದೀನ."

ಅವನನ್ನು ಕಳಿಸಿದ್ದವರಲ್ಲೇ ಮೊದಲು ಬೇಕರಿಯವನ ಕೈ ಮೇಲೆದ್ದಿತು. ಬೀದಿ ಇನ್ನು ಮುಂದೆಯೂ ಬೆಳಗಿನ ಹೊತ್ತು ಮುಚ್ಚಿಯೇ ಇರಲಿ ಎಂದಾಯಿತು. ಅವಳಿಗೆ ಗೆದ್ದೆ ಅನ್ನಿಸಲಿಲ್ಲ, ಬರೀ ಅಳು ಬಂತು.

ಮರುದಿನ ಮಕ್ಕಳನ್ನು ಬಿಟ್ಟು, ಇಬ್ಬರೂ ತಮ್ಮ ತಮ್ಮ ತುದಿ ಹಿಡಿದು ಹೊರಟರು. ಅರ್ಧ ದಾರಿಯಲ್ಲಿ ಹಗ್ಗ ಸಡಿಲಾಯಿತು. ಗಾರ್ಡ್ ಜಾಗ ಬಿಟ್ಟಿದ್ದ. ಒಂದೊಂದೇ ಹಿಡಿಕೆ ದಾಟುತ್ತಾ ಹತ್ತಿರವಾಗುವ ಹೆಜ್ಜೆಯ ಸದ್ದು ಅವಳಿಗೆ ಕೇಳುತ್ತಿತ್ತು. ತಿರುಗಿ ನೋಡಲು ಧೈರ್ಯ ಸಾಲಲಿಲ್ಲ.

ಅವಳ ಹಿಡಿಕೆಯ ಪಕ್ಕದ ಹಿಡಿಕೆಯನ್ನು ಅವನು ಹಿಡಿದ.

"ಅವಳನ್ನ ಮರೆಯೋಕೆ ಆಗಲ್ಲ ನನಗೆ" ಎಂದ. ಬೀದಿಗೆ ಕೇಳದಷ್ಟು ಸಣ್ಣ ದನಿ.

"ಮರೀಬೇಡಿ. ನಾನೇನು ಮರೀರಿ ಅಂದ್ನಾ?"

"ನಿಮ್ಮನ್ನ ಬಿಟ್ಟಿರೋಕೂ ಆಗಲ್ಲ."

ಅವಳು ಹಗ್ಗ ಹಿಡಿದ ಕೈಯನ್ನೇ ನೋಡುತ್ತಾ ನಿಂತಳು. ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವಿತ್ತು.

"ಮೊದಲನೇ ದಿನವೇ ಹೇಳಿದ್ನಲ್ಲ," ಎಂದಳು, "ಏನೇ ಆದ್ರೂ ಬಿಡಬೇಡಿ ಅಂತ."

ಇಬ್ಬರೂ ಜೊತೆಯಾಗಿ ನಡೆದರು. ಖಾಲಿ ಹಗ್ಗ ಅವರ ಹಿಂದೆ ರಸ್ತೆಯುದ್ದಕ್ಕೂ ತೆವಳಿಕೊಂಡು ಬಂತು. ಬೇಕರಿಯವನು ನೋಡಿದ, ಏನೂ ಕೇಳಲಿಲ್ಲ.