ನಾಲ್ಕನೇ ಗ್ಲಾಸಿಗೆ ಒಂಬತ್ತು ಅಂಕ

"ಒಳಗೆ ಬರಬೇಡಿ. ಮೊದಲು ಹೋಗಿ ಶರ್ಟ್ ಬದಲಾಯಿಸ್ಕೊಂಡು ಬನ್ನಿ."

ಬೇರೆ ಶಾಖೆಯಿಂದ ವರ್ಗವಾಗಿ ಬಂದವನಿಗೆ ಅವಳು ಆಡಿದ ಮೊದಲ ಮಾತೇ ಇದು. ಅವನು ಬಾಗಿಲಲ್ಲೇ ನಿಂತ.

"ಯಾಕೆ, ಏನಾಯ್ತು?"

"ಸೆಂಟು ಮೂರು ಬೀದಿ ಆಚೆಗೂ ಹೊಡೀತಿದೆ. ಇದು ರುಚಿ ನೋಡೋ ಕೋಣೆ ಕಣ್ರೀ, ಮದುವೆ ಮನೆ ಅಲ್ಲ."

ಅವನ ಮುಖ ಬಿಳಿಚಿಕೊಂಡಿತು. "ನನ್ನ ತಂಗಿ ಹಾಕಿರ್ಬೇಕು... ನನಗೆ ಗೊತ್ತೇ ಆಗ್ಲಿಲ್ಲ" ಎಂದು ಗೊಣಗಿ ಓಡಿದ.

ಇಷ್ಟು ವಾಸನೆಯೂ ತಿಳಿಯದವನು ವಿಸ್ಕಿ ಏನು ನೋಡುತ್ತಾನೋ, ದೇವರೇ ಬಲ್ಲ ಎಂದುಕೊಂಡಳು ಅವಳು.

ಅವರದು ಹೋಟೆಲುಗಳಿಗೆ ಮದ್ಯ ಒದಗಿಸುವ ಕಂಪನಿ. ನಾಲಿಗೆ ಚುರುಕಾಗಿರುವ ಬೆಳಿಗ್ಗೆ ಹನ್ನೊಂದಕ್ಕೆ ನಾಲ್ಕು ಜನ ಮೇಜಿನ ಸುತ್ತ ಕೂರುತ್ತಿದ್ದರು. ಬಾಟಲಿಗಳಿಗೆ ಬಟ್ಟೆಯ ಮುಸುಕು, ಗ್ಲಾಸುಗಳಿಗೆ ನಂಬರು ಮಾತ್ರ. ಮೂಸಬೇಕು, ಒಂದು ಗುಟುಕು ಬಾಯಲ್ಲಾಡಿಸಿ ಉಗುಳಬೇಕು, ಹತ್ತಕ್ಕೆ ಇಷ್ಟೆಂದು ಚೀಟಿಯಲ್ಲಿ ಬರೆಯಬೇಕು. ಅಲ್ಲಿಯವರೆಗೆ ತುಟಿ ಪಿಟಕ್ಕೆನ್ನುವಂತಿಲ್ಲ. ಕೊನೆಗೆ, ಎಲ್ಲರೂ ಬೆನ್ನ ಹಿಂದೆ 'ಮೂಗಿನ ಮಾವ' ಎಂದು ಕರೆಯುವ ಹಿರಿಯರು ಚೀಟಿಗಳನ್ನು ಗಟ್ಟಿಯಾಗಿ ಓದುತ್ತಿದ್ದರು.

ವಿಚಿತ್ರವೆಂದರೆ, ಮೊದಲ ದಿನದಿಂದಲೇ ಅವನ ಅಂಕ ಅವಳ ಅಂಕಕ್ಕೆ ಸರಿಹೊಂದುತ್ತಿತ್ತು. ಅವಳದು ಏಳಾದರೆ ಅವನದೂ ಏಳು. ಅವಳದು ಮೂರಾದರೆ ಅವನದೂ ಮೂರು.

"ನಿಮ್ಮಿಬ್ರಿಗೂ ದೇವರು ಒಂದೇ ನಾಲಿಗೆ ಕೊಟ್ಟಿದ್ದಾನೇನ್ರಪ್ಪಾ?" ಎಂದು ಮಾವ ರೇಗಿಸುತ್ತಿದ್ದರು.

ಮೂರು ತಿಂಗಳಲ್ಲಿ ಅವಳ ಮನಸ್ಸು ಅವನ ಕಡೆ ವಾಲಿಬಿಟ್ಟಿತ್ತು. ನನ್ನ ಹಾಗೇ ಸವಿಯುವ ಇನ್ನೊಂದು ಜೀವ ಇದೆಯಲ್ಲ... ಎಂದು ಒಳಗೊಳಗೇ ಹಿಗ್ಗುತ್ತಿದ್ದಳು.

ಅಂಥದ್ದರಲ್ಲಿ ಐದು ಬರ್ಬನ್ ವಿಸ್ಕಿಗಳ ದಿನ ಬಂತು.

ನಾಲ್ಕನೇ ಗ್ಲಾಸನ್ನು ಮೂಗಿನ ಬಳಿ ತಂದವಳು ಹಾಗೇ ಕುಳಿತುಬಿಟ್ಟಳು. ಸುಟ್ಟ ಸಕ್ಕರೆ, ವೆನಿಲಾ, ಅದರ ಹಿಂದೆ ಪೆನ್ಸಿಲ್ ಕೆತ್ತಿದಾಗ ಬರುವ ಮರದ ವಾಸನೆ.

ಅಪ್ಪನ ಗ್ಲಾಸು!

ದರ್ಜಿಯಾದ ಅಪ್ಪ ಭಾನುವಾರ ಮಾತ್ರ ಕುಡಿಯುತ್ತಿದ್ದ ಆ ಒಂದು ಪೆಗ್. ಖಾಲಿ ಗ್ಲಾಸನ್ನು ಕದ್ದು ಮೂಸುತ್ತಿದ್ದ ಚಿಕ್ಕ ಹುಡುಗಿ ತಾನು. ಅವಳ ಮೂಗು ಪಳಗಿದ್ದೇ ಅಲ್ಲಿ. ಒಂದು ಗುಟುಕು ಕುಡಿದಳು. ಮೊದಲು ಸಿಹಿ, ಆಮೇಲೆ ಗಂಟಲಲ್ಲಿ ಕಾಳುಮೆಣಸಿನಷ್ಟು ಖಾರ, ಕೊನೆಗೆ ಎದೆಯೊಳಗೆ ಬೆಚ್ಚಗೆ.

ಒಂಬತ್ತು ಎಂದು ಬರೆಯಲು ಹೋದ ಕೈ ನಿಂತಿತು. ಇದು ಅಂಗಡಿಯ ಕೆಳಗಿನ ಸಾಲಿನ ಅಗ್ಗದ ಬಾಟಲಿ ಎಂದು ಅವಳಿಗೆ ಗೊತ್ತು. ಮುಸುಕು ತೆಗೆದಾಗ ಇವರೆಲ್ಲ ಏನಂದಾರು? ದರ್ಜಿ ಮಗಳ ನಾಲಿಗೆ ಅಷ್ಟೇ ಅನ್ನುವುದಿಲ್ಲವೇ?

ಐದು ಎಂದು ಬರೆದಳು.

"ನಾಲ್ಕನೇ ಗ್ಲಾಸು" ಎಂದು ಮಾವ ಓದಿದರು. "ನಮ್ಮ ಹುಡುಗಿ ಐದು. ಇವನು..." ಕನ್ನಡಕ ಸರಿಮಾಡಿಕೊಂಡರು. "ಒಂಬತ್ತು. 'ಬಹಳ ದಿನದ ಮೇಲೆ ಮನೆಗೆ ಹೋದ ಹಾಗಿದೆ' ಅಂತ ಬರೆದಿದ್ದಾನೆ."

ಅವಳು ತಲೆಯೆತ್ತಿ ಅವನನ್ನೇ ನೋಡಿದಳು.

ಮುಸುಕು ತೆಗೆದರು. ಉಳಿದವುಗಳ ಕಾಲು ಭಾಗದ ಬೆಲೆಯೂ ಇಲ್ಲದ ಬಾಟಲಿ. ಮೇಜಿನ ಸುತ್ತ ನಗು ಎದ್ದಿತು.

ಇವನಿಗೆ ಹೇಗೆ ಗೊತ್ತಾಯಿತು? ಅಪ್ಪನ ವಿಷಯ ಯಾರಾದರೂ ಹೇಳಿದರಾ? ನನ್ನನ್ನು ಆಡಿಕೊಳ್ಳುತ್ತಿದ್ದಾನಾ? ಇಲ್ಲ... ನಿಜವಾಗಿಯೂ ಅವನಿಗೂ ಹಾಗೇ ಅನ್ನಿಸಿತಾ? ಅವಳಿಗೆ ತಲೆಬುಡ ತಿಳಿಯಲಿಲ್ಲ.

ಗ್ಲಾಸು ತೊಳೆಯುವ ಕೋಣೆಯಲ್ಲಿ ಅವನನ್ನು ಅಡ್ಡಗಟ್ಟಿದಳು.

"ನಮ್ಮಪ್ಪನ ವಿಷಯ ಯಾರು ಹೇಳಿದ್ರು ನಿಮಗೆ?"

"ನಿಮ್ಮಪ್ಪನ ಯಾವ ವಿಷಯ?"

"ನಾಟಕ ಆಡಬೇಡಿ. ಮತ್ತೆ ಒಂಬತ್ತು ಯಾಕೆ ಕೊಟ್ರಿ?"

ಅವನು ನಲ್ಲಿ ನಿಲ್ಲಿಸಿದ.

"ನನಗೆ ವಾಸನೆ ಬರಲ್ಲ" ಎಂದ. "ಐದು ತಿಂಗಳ ಹಿಂದೆ ಜ್ವರ ಬಂದು ಹೋಯ್ತಲ್ಲ, ಮೂಗನ್ನೂ ಜೊತೆಗೇ ತಗೊಂಡು ಹೋಯ್ತು. ಕೆಲಸ ಹೋಗುತ್ತೆ ಅಂತ ಯಾರಿಗೂ ಹೇಳಲಿಲ್ಲ."

"ಹಾಗಾದ್ರೆ ಇಷ್ಟು ದಿನ?"

"ನಿಮ್ಮ ಮುಖ ನೋಡಿ ಬರೀತಿದ್ದೆ."

ಒಂದೇ ನಾಲಿಗೆ, ಒಂದೇ ರುಚಿ... ಎಲ್ಲ ಸುಳ್ಳಾ?

"ಕದ್ದಿದ್ದೀರಿ. ಮೂರು ತಿಂಗಳು ನನ್ನನ್ನ ಕದ್ದಿದ್ದೀರಿ."

"ಹೌದು. ಅದಕ್ಕೆ ಕ್ಷಮೆ ಕೇಳೋ ಮುಖಾನೂ ಇಲ್ಲ ನನಗೆ. ಆದ್ರೆ ಇವತ್ತು ನೀವು ಐದು ಯಾಕೆ ಬರೆದ್ರಿ ಅಂತ ಅರ್ಥ ಆಗ್ತಿಲ್ಲ."

"ನನಗೆ ಅನ್ನಿಸಿದ್ದು ಐದು, ಬರೆದೆ."

"ಇಲ್ಲ. ಎಲ್ಲಾ ಗ್ಲಾಸನ್ನೂ ಉಗುಳಿದ್ರಿ, ನಾಲ್ಕನೇದನ್ನ ನುಂಗಿದ್ರಿ. ಕಣ್ಣಲ್ಲಿ ನೀರಿತ್ತು. ಬಹಳ ದಿನದ ಮೇಲೆ ಮನೆಗೆ ಹೋದವರ ಮುಖ ಅದು."

ನುಂಗಿದ್ದು ಅವಳಿಗೇ ಗೊತ್ತಿರಲಿಲ್ಲ. ಮೂಗಿಲ್ಲದವನ ಚೀಟಿ ನಿಜ ಹೇಳಿತ್ತು, ಮೂಗಿದ್ದವಳ ಚೀಟಿ ಸುಳ್ಳು ಹೇಳಿತ್ತು. ಅಪ್ಪನ ಗ್ಲಾಸಿಗೆ ತಾನೇ ಐದು ಕೊಟ್ಟಿದ್ದಳು.

ಅವಳು ನೇರವಾಗಿ ಮಾವನ ಬಳಿ ಹೋಗಿ ಐದನ್ನು ಹೊಡೆದುಹಾಕಿ ಒಂಬತ್ತು ಬರೆದಳು. ಯಾಕೆಂದೂ ಹೇಳಿದಳು. ಅವಳ ಹಿಂದೆಯೇ ಬಂದ ಅವನೂ ತನ್ನದನ್ನು ಹೇಳಿಕೊಂಡ.

"ನೀನು ಈ ಮೇಜಿಗೆ ಬೇಡಪ್ಪಾ. ನಾಳೆಯಿಂದ ಗೋದಾಮು ನೋಡ್ಕೋ" ಎಂದರು ಮಾವ. ಆಮೇಲೆ ಗ್ಲಾಸಿನಲ್ಲಿ ಉಳಿದಿದ್ದನ್ನು ಮತ್ತೆ ಮೂಸಿ, ಆ ಅಗ್ಗದ ಬಾಟಲಿಯನ್ನು ಹೋಟೆಲುಗಳಿಗೆ ಕಳಿಸುವ ಪಟ್ಟಿಗೆ ಸೇರಿಸಿದರು.

ಭಾನುವಾರ ಮಧ್ಯಾಹ್ನ ಅವಳು ಅವನನ್ನು ಮನೆಗೆ ಕರೆದಳು. ಒಳಗೆ ಅಪ್ಪ ಹೊಲಿಗೆ ಯಂತ್ರ ತುಳಿಯುವ ಸದ್ದು ಕೇಳುತ್ತಿತ್ತು. ಮೇಜಿನ ಮೇಲೆ ಅದೇ ಬಾಟಲಿ, ಎರಡು ಗ್ಲಾಸು.

"ಒಂದು ಕೇಳ್ಲಾ?" ಎಂದಳು. "ಮಾವಂಗೆ ಮೂವತ್ತು ವರ್ಷದ ಅನುಭವ. ಅವರ ಮುಖ ನೋಡಿ ಬರೀಬಹುದಿತ್ತಲ್ಲ?"

"ಮೊದಲನೇ ವಾರ ನಿಮ್ಮನ್ನ ಅಂಕಕ್ಕೋಸ್ಕರ ನೋಡಿದೆ. ಆಮೇಲೆ ಗ್ಲಾಸು ಇಲ್ಲದಾಗ್ಲೂ ನೋಡ್ತಿದ್ದೆ."

ಅವಳ ಕೆನ್ನೆ ಬಿಸಿಯಾಯಿತು. ಕೋಪ ಪೂರ್ತಿ ಇಳಿದಿದೆಯೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಆದರೂ ಅವನ ಗ್ಲಾಸಿಗೆ ಸುರಿದಳು.

ಅವನು ಒಂದು ಗುಟುಕು ಕುಡಿದ. "ಬಿಸಿ ಮಾತ್ರ ಗೊತ್ತಾಗುತ್ತೆ."

"ಕಣ್ಣು ಮುಚ್ಚಿ, ಹೇಳ್ತೀನಿ. ಮೊದಲು ಸುಟ್ಟ ಸಕ್ಕರೆ. ಆಮೇಲೆ ಮರ, ಈಗಷ್ಟೇ ಕೆತ್ತಿದ ಪೆನ್ಸಿಲ್ ಥರ..."

ಅವನು ಕಣ್ಣು ಮುಚ್ಚಿ ಕೇಳಿದ.

"ಹೀಗೇ ಎಷ್ಟು ದಿನ ಹೇಳ್ತೀರಿ?"

"ಬಾಟಲಿ ಅಗ್ಗದ್ದು" ಎಂದಳು ಅವಳು. "ಖಾಲಿ ಆದ್ರೆ ಇನ್ನೊಂದು ತರೋಣ."