ಎಲ್ಲದಕ್ಕಲ್ಲ, ಎಲ್ಲದರಲ್ಲಿ

"ಇದೇನಿದು, ಬರೀ ಕಾಗೆ ಬಣ್ಣ?"

ಕನ್ನಡಕದಂಗಡಿಯವನು ತಲೆಯೆತ್ತಿದ. ಅವನು ತಟ್ಟೆಯಲ್ಲಿ ಆರಿಸಿ ತಂದಿದ್ದ ಫ್ರೇಮುಗಳೆಲ್ಲ ಕಪ್ಪು, ಕಡುಕಂದು, ಬೂದು. ಎದುರಿಗೆ ಕುಳಿತಿದ್ದ ವ್ಯಾಕರಣದ ಟೀಚರು ಆ ತಟ್ಟೆಯನ್ನು, ತಪ್ಪು ತುಂಬಿದ ಉತ್ತರಪತ್ರಿಕೆಯನ್ನು ತಳ್ಳುವಂತೆ, ಒಂದೇ ಬೆರಳಿನಿಂದ ಹಿಂದಕ್ಕೆ ತಳ್ಳಿದಳು.

"ನಿಮ್ಮ ಪರಿಸ್ಥಿತಿಗೆ ಇದು ಹೊಂದುತ್ತೆ ಅಂತ, ಮೇಡಂ."

"ನನ್ನ ಪರಿಸ್ಥಿತಿಗೆ ಏನಾಗಿದೆ?"

ಅವನ ಕಿವಿ ಕೆಂಪಾಯಿತು. ಹೋದ ವರ್ಷ, ಕ್ರಿಸ್‌ಮಸ್ಸಿಗೆ ಸ್ವಲ್ಪ ಮುಂಚೆ, ಅವಳ ಗಂಡ ತೀರಿಕೊಂಡದ್ದು ಅವನಿಗೆ ಗೊತ್ತಿತ್ತು. ಚರ್ಚಿನ ಹಾಡುಗಾರರ ಕೊಯರಿನಲ್ಲಿ ಅವನು ಹಾಡಿಗೆ ಪಾಯವಾಗುವ ತಗ್ಗುದನಿಯ ಬೇಸ್ ಸ್ವರದವನು. ಅವಳ ಬೆನ್ನ ಹಿಂದೆಯೇ ನಿಲ್ಲುವವನು.

"ಹೋಗಿರೋದು ಗಂಡ, ಡಾಕ್ಟ್ರೇ. ಕಣ್ಣಲ್ಲ," ಎಂದಳು ಅವಳು. "ಆ ಮೇಲಿನ ಸಾಲಿನ ಕೆಂಪು ಕೊಡಿ."

ಯಾರೂ ಕೇಳದೆ ಧೂಳು ಹಿಡಿದಿದ್ದ ಕೆಂಪು ಫ್ರೇಮನ್ನು ಅವನು ಒರೆಸಿ ಅವಳ ಮುಖಕ್ಕೆ ಇಟ್ಟ. ಆಮೇಲೆ ಅಳತೆಪಟ್ಟಿ ಹಿಡಿದು ಎದುರಿಗೆ ಬಾಗಿದ.

"ನನ್ನ ಮೂಗು ನೋಡಿ."

"ನೋಡೋಕೆ ಅದರಲ್ಲಿ ಅಂಥದ್ದೇನಿದೆ?"

"ಏನೂ ಇಲ್ಲ. ಅದಕ್ಕೇ ಅಲ್ಲಿ ನೋಡಿ ಅನ್ನೋದು. ಕಣ್ಣು ಆ ಕಡೆ ಈ ಕಡೆ ಓಡಲ್ಲ."

ಅವಳು ನಕ್ಕಳು. ಪಟ್ಟಿ ಅಲುಗಿತು. "ನಕ್ಕರೆ ಅಳತೆ ತಪ್ಪುತ್ತೆ, ಮೇಡಂ."

"ತಪ್ಪಲಿ ಬಿಡಿ. ಅಳತೆ ಮಾಡಿ ನಗೋ ಅಭ್ಯಾಸ ನನಗಿಲ್ಲ."

ಅವನು ಮೊದಲು ಅವಳ ಎಡಗಣ್ಣನ್ನು ನೋಡಿದ, ಆಮೇಲೆ ಬಲಗಣ್ಣನ್ನು. ಅದು ಅವನ ಕಸುಬು. ದಿನವಿಡೀ ಊರಿನವರ ಕಣ್ಣಿನಲ್ಲಿ ಕಣ್ಣಿಟ್ಟು ಕೂರುವವನು. ಆದರೆ ಆ ದಿನ ಅಳತೆ ಮುಗಿದ ಮೇಲೂ ಪಟ್ಟಿ ಅವಳ ಮೂಗಿನ ಮೇಲೆಯೇ ಇತ್ತು.

"ನಾನು ಡಾಕ್ಟರಲ್ಲ," ಎಂದ ಅವನು, ಕೊನೆಗೆ ಹಿಂದೆ ಸರಿದು. "ಬರೀ ಕನ್ನಡಕದವನು."

"ಮತ್ತೆ ಏನಂತ ಕರೀಲಿ?"

"ಬೀದೀಲಿ ಎಲ್ಲರೂ 'ರೀ ಕನ್ನಡಕದವ್ರೇ' ಅಂತಾರೆ."

ಅವಳ ನಗು ಅಲ್ಲಿಗೇ ನಿಂತಿತು. 'ರೀ' ಎಂಬುದು ವಿಚಿತ್ರವಾದ ಅಕ್ಷರ. ಪಕ್ಕದಲ್ಲಿ ಇನ್ನೊಂದು ಪದವಿದ್ದರೆ ಅದು ಬೀದಿಯ ಮರ್ಯಾದೆ. ಒಂಟಿಯಾಗಿ ನಿಂತರೆ ಹೆಂಡತಿ ಗಂಡನನ್ನು ಕರೆಯುವ ಕೂಗು. ಮದುವೆಯಾದಂದಿನಿಂದ ಅವಳ ಬಾಯಲ್ಲಿ ಹೊತ್ತುಗೊತ್ತಿಲ್ಲದೆ ಓಡಾಡಿದ ಆ ಅಕ್ಷರ, ಆಸ್ಪತ್ರೆಯ ಕೋಣೆಯೊಂದರಲ್ಲಿ ಉತ್ತರ ಸಿಗದೆ ಸುಮ್ಮನಾಗಿತ್ತು.

"ಸದ್ಯಕ್ಕೆ ಡಾಕ್ಟ್ರೇ ಇರಲಿ," ಎಂದಳು ಅವಳು. "ಸಂಬೋಧನೆ ಸುಲಭದ ಪಾಠ ಅಲ್ಲ."

*

ಮನೆಯಲ್ಲಿ ಅವಳ ಅತ್ತೆ ಇಸ್ತ್ರಿ ಮಾಡುತ್ತಿದ್ದರು. ಮಗನ ಅಂಗಿಗಳನ್ನು ಆಗಾಗ ಕಪಾಟಿನಿಂದ ತೆಗೆದು, ಇಸ್ತ್ರಿ ಮಾಡಿ, ಮಡಿಸಿ ಮತ್ತೆ ಅಲ್ಲೇ ಇಡುವುದು ಅವರು ತಮಗೆ ತಾವೇ ವಿಧಿಸಿಕೊಂಡ ಕೆಲಸ. ಸೊಸೆಯ ಮುಖದ ಮೇಲಿನ ಕೆಂಪನ್ನು ನೋಡಿ ಅವರ ಕೈ ನಿಂತಿತು.

"ನನ್ನ ಮಗ ಮಣ್ಣಲ್ಲಿದ್ದಾನೆ. ನಿನ್ನ ಮೂಗಿನ ಮೇಲೆ ಹಬ್ಬ."

ತಿರುಗಿ ಆಡಲು ಅವಳಲ್ಲಿ ಮಾತಿರಲಿಲ್ಲವೆಂದಲ್ಲ. ಆದರೆ ಹೆತ್ತ ಹೊಟ್ಟೆಯ ಸಂಕಟದೊಡನೆ ವಾದಕ್ಕೆ ನಿಲ್ಲುವುದು ಅಧರ್ಮವೆಂದು ಅವಳು ತಿಳಿದಿದ್ದಳು. "ಅಂಗಿ ಸುಡುತ್ತೆ, ಅತ್ತೆ," ಎಂದಷ್ಟೇ ಹೇಳಿ, ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕೆ ಇಟ್ಟಳು.

ಊರಿನವರ ವಿಷಯದಲ್ಲಿ ಅವಳಿಗೆ ಅಂಥ ಮುಲಾಜು ಇರಲಿಲ್ಲ, ಇರಬೇಕಾಗಿಯೂ ಇಲ್ಲ. ಅತ್ತವಳಿಗೆ ಒಂದು ಕರವಸ್ತ್ರ ಕೊಟ್ಟು ಕೈತೊಳೆದುಕೊಳ್ಳುವ ಲೋಕ, ನಕ್ಕವಳನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುತ್ತದೆ. ಅಂಥ ಲೋಕದ ಮುಂದೆ ತಲೆತಗ್ಗಿಸುವುದನ್ನು ವಿನಯವೆಂದು ಕರೆಯುವುದು ಆ ಪದಕ್ಕೇ ಮಾಡುವ ಅವಮಾನ.

ಕಟಕಟೆ ಸಿದ್ಧವಾದದ್ದು ಕೊಯರಿನ ಅಭ್ಯಾಸದ ಸಂಜೆ. ಹಾಳೆಗಳನ್ನು ಹಂಚಿ ಮುಗಿಯುವಷ್ಟರಲ್ಲಿ ಚರ್ಚ್ ಕಮಿಟಿಯ ಕಾರ್ಯದರ್ಶಿಗಳು ಬಂದರು. ಅವರದು ಬೆಣ್ಣೆಯಂಥ ದನಿ, ತಮ್ಮ ಮೂಗಿನ ನೇರಕ್ಕೇ ಹರಿಯುವ ಮಾತು.

"ತಪ್ಪು ತಿಳೀಬೇಡಿ, ಟೀಚರಮ್ಮ. ಈ ಕ್ರಿಸ್‌ಮಸ್ಸಿಗೆ ನೀವು ಹಿಂದಿನ ಸಾಲಲ್ಲಿ ನಿಂತ್ಕೊಳ್ಳಿ. ಮುಂದೆ ನಿಂತು ಎತ್ತಿ ಹಾಡೋದನ್ನ ಬೇರೆಯವರು ಮಾಡ್ತಾರೆ."

"ಯಾಕೆ ಸರ್, ಶ್ರುತಿ ತಪ್ತಾ ಇದೀನಾ?"

"ಶ್ರುತಿ ಅಲ್ಲಮ್ಮ, ನೋಟ. ನಾಲ್ಕು ಜನ ನೋಡ್ತಾರೆ. ಕೆಂಪು ಕನ್ನಡಕ, ಹಾಡೋವಾಗ ಮುಖದ ತುಂಬ ಆ ನಗು. ನಗೋ ಹೆಂಗಸನ್ನ, ಅಳೋ ಗಂಡಸನ್ನ ನಂಬಬಾರದು ಅಂತ ದೊಡ್ಡವರು ಸುಮ್ನೆ ಹೇಳಿಲ್ಲ."

"ಗೆಳೆಯ ಲಾಜರನ ಸಮಾಧಿ ಮುಂದೆ ನಿಂತು ಯೇಸುಸ್ವಾಮಿ ಅತ್ತರು," ಎಂದಳು ಅವಳು. "ಅವರನ್ನೂ ನಂಬಬೇಡಿ ಅಂತೀರಾ?"

ಯಾರೋ ಕೆಮ್ಮಿನೊಳಗೆ ನಗುವನ್ನು ಬಚ್ಚಿಟ್ಟರು. ಕಾರ್ಯದರ್ಶಿಗಳ ಬೆಣ್ಣೆ ಸ್ವಲ್ಪ ಗಟ್ಟಿಯಾಯಿತು.

"ಹಾಗಾದ್ರೆ ಒಂದು ಕೆಲಸ ಮಾಡಿ. ಕ್ರಿಸ್‌ಮಸ್ ಆರಾಧನೇಲಿ ಕೃತಜ್ಞತೆಯ ಸಾಕ್ಷಿ ಹೇಳೋ ಹೊತ್ತಲ್ಲಿ ಎದ್ದು ನಿಂತು, ನನ್ನ ಗಂಡನ್ನ ಕರ್ಕೊಂಡಿದ್ದಕ್ಕೆ ದೇವರಿಗೆ ಸ್ತೋತ್ರ ಅಂತ ಹೇಳಿಬಿಡಿ. ಎಲ್ಲದಕ್ಕೂ ಸ್ತೋತ್ರ ಸಲ್ಲಿಸಬೇಕು ತಾನೇ? ಜನಕ್ಕೂ ಸಮಾಧಾನ. ಮುಂದಿನ ಸಾಲಿನ ವಿಷಯ ಆಮೇಲೆ ನೋಡೋಣ."

ಒಬ್ಬ ಹೆಣ್ಣಿನ ಎದೆಯ ಗಾಯವನ್ನು ಸಭೆಯ ಸಮಾಧಾನಕ್ಕಾಗಿ ಅಡವಿಡು ಎಂದು ಕೇಳುವವನು ಕೆಡುಕನಾಗಿರಬೇಕಿಲ್ಲ, ಅಭ್ಯಾಸವಂತನಾಗಿದ್ದರೆ ಸಾಕು.

"ಬೈಬಲಲ್ಲಿ ಅಪೊಸ್ತಲರು ಬರೆದಿರೋದು ಎಲ್ಲದಕ್ಕೂ ಅಂತ ಅಲ್ಲ, ಸರ್. ಎಲ್ಲದರಲ್ಲೂ ಅಂತ."

"ಎರಡೂ ಒಂದೇ ಅಲ್ವೇನಮ್ಮ."

"ಒಂದೇ ಆಗಿದ್ರೆ ಇಷ್ಟು ವರ್ಷ ಮಕ್ಕಳಿಗೆ ಮಾರ್ಕ್ಸ್ ಕಳೆದ ಪಾಪ ನನ್ನ ತಲೆ ಮೇಲೆ. ವಿಭಕ್ತಿನೇ ಬೇರೆ: ಅದು ಚತುರ್ಥಿ, ಇದು ಸಪ್ತಮಿ. ಬೆಂಕಿಯಲ್ಲಿ ನಿಂತು ಸ್ತೋತ್ರ ಹಾಡಿದವರಿದ್ದಾರೆ. ಬೆಂಕಿಗೆ ಸ್ತೋತ್ರ ಹಾಡಿದವರನ್ನ ನಾನಂತೂ ಕಂಡಿಲ್ಲ."

ಅವಳು ತಿರುಗಿ ನೋಡಿದಳು. ಬೆಂಬಲವನ್ನು ಬೇಡಲಿಕ್ಕಲ್ಲ, ಇದೆಯೋ ಇಲ್ಲವೋ ತಿಳಿಯಲಿಕ್ಕೆ. ಕನ್ನಡಕದವನು ಹಾಡಿನ ಹಾಳೆಯನ್ನು ನೋಡುತ್ತ ನಿಂತಿದ್ದ. ಅವನ ಕೈಯಲ್ಲಿ ಆ ಹಾಳೆ ತಲೆಕೆಳಗಾಗಿತ್ತು.

ಹೊರಗೆ ಮೆಟ್ಟಿಲ ಬಳಿ ಅವನು ಅವಳನ್ನು ಹಿಂಬಾಲಿಸಿ ಬಂದ.

"ಮೇಡಂ, ಒಂದು ನಿಮಿಷ. ನಾನು ಬಾಯಿ ಬಿಟ್ಟಿದ್ರೆ ನಿಮ್ಮ ಹೆಸರೇ ಕೆಡ್ತಿತ್ತು. ಅದಕ್ಕೆ ಸುಮ್ಮನಿದ್ದೆ."

"ನನ್ನ ಹೆಸರಿನ ಉಸಾಬರಿ ನಿಮಗೆ ಯಾರು ಕೊಟ್ರು?"

"ನಾನಾಗೇ ತಗೊಂಡೆ." ಅವನ ದನಿ ತಗ್ಗಿತು. "ನೀವು ಅಂಗಡಿಗೆ ಬಂದ ದಿನದಿಂದ ಬೇರೆಯವರ ಕಣ್ಣಿನ ಅಳತೆ ತಪ್ತಾ ಇದೆ."

ಅವಳ ಕೈ ತಾನಾಗಿ ಕೆಂಪು ಕನ್ನಡಕದತ್ತ ಹೋಯಿತು. ಆದರೂ ಅವಳು ಮೆಟ್ಟಿಲು ಇಳಿಯುವುದನ್ನು ನಿಲ್ಲಿಸಲಿಲ್ಲ.

"ಇದನ್ನ ಒಳಗೆ ಹೇಳಬೇಕಿತ್ತು, ಡಾಕ್ಟ್ರೇ. ಬೇಸ್ ಅಂದ್ರೆ ಪಾಯ ಅಂತೀರಿ. ಪಾಯಾನೇ ನೆಲ ನೋಡ್ಕೊಂಡು ನಿಂತ್ರೆ ಮನೆ ಯಾವುದರ ಮೇಲೆ ಏಳುತ್ತೆ? ಕತ್ತಲಲ್ಲಿ ಹೇಳಿ ಬೆಳಕಲ್ಲಿ ನುಂಗೋ ಪ್ರೀತಿ ನನಗೆ ಬೇಡ."

*

ಅದಾದ ಮೇಲೆ ಮಾತಿಲ್ಲ. ಕೆಂಪು ಕನ್ನಡಕದ ಒಂದು ಕಡ್ಡಿಯ ಸ್ಕ್ರೂ ಬಿದ್ದುಹೋಯಿತು. ಅವಳು ಅಂಗಡಿಯ ಮುಂದೆಯೇ ಶಾಲೆಗೆ ಹೋಗುತ್ತಿದ್ದವಳು, ಒಳಗೆ ಕಾಲಿಡದೆ, ಬಿಳಿ ದಾರದಿಂದ ಅದನ್ನು ಕಟ್ಟಿಕೊಂಡಳು. ಅಭ್ಯಾಸದಲ್ಲಿ ಅವಳ ಹಿಂದೆ ನಿಂತವನಿಗೆ ಕಿವಿಯ ಪಕ್ಕದ ಆ ಗಂಟು ಎದ್ದು ಕಾಣುತ್ತಿತ್ತು. ಅವನ ಜೇಬಿನಲ್ಲಿ ಪುಟ್ಟ ಸ್ಕ್ರೂ ಮತ್ತು ಅದನ್ನು ತಿರುಗಿಸುವ ಪುಟ್ಟ ತಿರುಪುಳಿ ಇದ್ದವು. ಕೈ ಜೇಬಿನೊಳಗೆ ಹೋಗಿ ಬರಿದೇ ಹೊರಗೆ ಬರುತ್ತಿತ್ತು.

ಮನೆಯಲ್ಲಿ ಅವಳು ಅಭ್ಯಾಸ ಮಾಡುತ್ತಿದ್ದದ್ದು ಬಟ್ಟೆ ಒಗೆಯುವಾಗ, ನೀರಿನ ಸದ್ದಿನ ಮರೆಯಲ್ಲಿ, ತುಟಿ ಬಿಚ್ಚದೆ. ಕ್ರಿಸ್‌ಮಸ್ಸಿನ ಹಿಂದಿನ ದಿನ ಬೆಳಿಗ್ಗೆ ಅತ್ತೆ ಬಂದು ನಲ್ಲಿಯನ್ನು ನಿಲ್ಲಿಸಿದರು.

"ಏನದು, ಗುಂಯ್ ಗುಂಯ್ ಅಂತ?"

"ಹಾಡು, ಅತ್ತೆ."

"ಅದು ಹಾಡಾ? ಸೊಳ್ಳೆ." ಅವರು ಬಾಗಿಲಿಗೆ ಒರಗಿ ನಿಂತರು. ಅವಳ ಒದ್ದೆ ಕೈಗಳನ್ನೇ ನೋಡಿದರು. "ನೀನು ನಕ್ಕಾಗೆಲ್ಲ ನನಗೆ ಉರಿಯುತ್ತೆ. ಸುಳ್ಳು ಹೇಳಲ್ಲ. ಅವನಿಲ್ಲದ ಮನೇಲಿ ಇವಳಿಗೆ ನಗು ಹೇಗೆ ಬರುತ್ತೆ ಅಂತ ದೇವರನ್ನೇ ಕೇಳಿದೀನಿ. ಆದ್ರೆ ನೀನು ಹೀಗೆ ಬಾಯಿ ಮುಚ್ಕೊಂಡು ಹಾಡಿದ್ರೆ, ಈ ಮನೇಲಿ ಇಬ್ಬರು ಸತ್ತ ಹಾಗೆ ಆಗುತ್ತೆ ಕಣೇ. ಒಬ್ಬನಿಗೆ ಅಳೋಷ್ಟೇ ನನಗೆ ಶಕ್ತಿ ಇರೋದು."

ಅವಳು ಅತ್ತೆಯ ಕೈ ಹಿಡಿದುಕೊಂಡಳು. ಇಬ್ಬರ ಕೈಯೂ ಸೋಪಿನ ನೊರೆಯಾಯಿತು.

"ಬಾಯಿ ಬಿಟ್ಟು ಹಾಡು," ಎಂದರು ಅತ್ತೆ, ಕೈ ಬಿಡಿಸಿಕೊಂಡು. "ಆ ದಾರ ಕಿತ್ತು ಸ್ಕ್ರೂ ಹಾಕಿಸ್ಕೊಳ್ಳೋಕೆ ಏನು ರೋಗವೋ ನಿನಗೆ. ಅಂಗಡಿ ಏನು ಸಮುದ್ರದ ಆಚೆ ಇದೆಯಾ?"

*

ಕ್ರಿಸ್‌ಮಸ್ಸಿನ ಬೆಳಿಗ್ಗೆ ಅವಳು ಮುಂದಿನ ಸಾಲಿನಲ್ಲಿ, ತನ್ನ ಹಳೆಯ ಜಾಗದಲ್ಲಿ ನಿಂತಳು. ಯಾರನ್ನೂ ಕೇಳಲಿಲ್ಲ. ಕಿಟಕಿಯ ಬಿಸಿಲು ಕೆಂಪು ಫ್ರೇಮಿನ ಮೇಲೆ ಬಿದ್ದು ಅವಳ ಕೆನ್ನೆಗಳಿಗೂ ಒಂದಿಷ್ಟು ಬಣ್ಣ ಹಂಚಿತ್ತು. ಸಾಕ್ಷಿಯ ಹೊತ್ತು ಬಂದಾಗ ಸಭಾಪಾಲಕರು, "ಕೃತಜ್ಞತೆ ಹೇಳೋರು ಹೇಳಬಹುದು," ಎಂದರು. ಕಾರ್ಯದರ್ಶಿಗಳು ಅವಳತ್ತ ನೋಡಿ ಪ್ರೋತ್ಸಾಹದಿಂದ ತಲೆಯಾಡಿಸಿದರು.

ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ನನ್ನ ಗಂಡ ಹೋದದ್ದಕ್ಕೆ ನಾನು ಸ್ತೋತ್ರ ಹೇಳಲ್ಲ. ಹೇಳಿದ್ರೆ ಸುಳ್ಳಾಗುತ್ತೆ, ದೇವರು ನನ್ನಿಂದ ಸುಳ್ಳು ಕೇಳಿಲ್ಲ. ಅವರು ಹೋದ ಮೇಲೆ ಒಂದು ದಿನ ಬಟ್ಟೆ ಒಗೀತಾ ಇದ್ದೆ. ಯಾರೋ ಹಾಡೋದು ಕೇಳಿಸ್ತು. ನೋಡಿದ್ರೆ ನಾನೇ. ನಾನು ಕೇಳ್ಕೊಂಡಿರಲಿಲ್ಲ, ಬೇಡ ಅಂತಲೂ ಅಂದಿದ್ದೆ. ಆದ್ರೂ ಸಂತೋಷ ಬಂತು. ಕೊಟ್ಟಿಗೇಲಿ ಯೇಸುಕೂಸು ಬಂದ ಹಾಗೆ, ಜಾಗ ಇಲ್ಲದ ಕಡೆಗೇ ಬಂತು. ಅದನ್ನ ಬಾಗಿಲಾಚೆ ನಿಲ್ಲಿಸೋದು ನನ್ನಿಂದಾಗಲ್ಲ. ಆ ಸಾವಿನಲ್ಲಿ, ಈ ಕೊರತೆಯಲ್ಲಿ, ದೇವರಿಗೆ ಸ್ತೋತ್ರ. ವಿಭಕ್ತಿ ಗಮನಿಸಿ."

ಮುಂದಿನದು ಪ್ರತಿ ವರ್ಷ ಅವಳೇ ಎತ್ತಿ ಹಾಡುತ್ತಿದ್ದ ಹಾಡು. ಕಾರ್ಯದರ್ಶಿಗಳು ಆರ್ಗನ್ ನುಡಿಸುವವರತ್ತ ಅಂಗೈ ಎತ್ತಿದರು: ಬೇಡ. ಆರ್ಗನ್ನಿನ ಮೇಲಿದ್ದ ಬೆರಳುಗಳು ಮಡಿಲಿಗೆ ಇಳಿದವು. ಆ ನಿಶ್ಶಬ್ದದಲ್ಲಿ ಅವಳು ಒಂಟಿಯಾಗಿ ನಿಂತಳು. ಗಂಟಲಿನಲ್ಲಿ ಸ್ವರವಿತ್ತು, ಅದು ಕಾಲೂರುವ ನೆಲವಿರಲಿಲ್ಲ.

ಆಗ ಬೆನ್ನ ಹಿಂದಿನಿಂದ ಒಂದು ದನಿ ಎದ್ದಿತು.

ಬೇಸ್ ಸ್ವರವನ್ನು ಒಂಟಿಯಾಗಿ ಕೇಳಿದವರು ಕಡಿಮೆ. ಅದರಲ್ಲಿ ರಾಗವೆಂಬುದಿಲ್ಲ, ಗೋಡೆಯೇಳದ ಮನೆಯ ಪಾಯದಂತೆ, ಅದು ಏನೆಂದು ನೋಡಿದವರಿಗೆ ತಿಳಿಯುವುದಿಲ್ಲ. ದಂ, ದಂ ಎಂದು ಒಂದೇ ಕಡೆ ನಡೆದಾಡುವ ಆ ದನಿಯನ್ನು ಕೇಳಿ ಹಿಂದಿನ ಬೆಂಚಿನಲ್ಲಿ ಕೆಲವರು ಕಿಸಕ್ಕೆಂದರು. ಕಾರ್ಯದರ್ಶಿಗಳು ಕೆಮ್ಮಿದರು. ಕನ್ನಡಕದವನ ಕಿವಿ ಅಂದಿನಂತೆಯೇ ಕೆಂಪಾಗಿತ್ತು. ಆದರೆ ಅವನು ನಿಲ್ಲಿಸಲಿಲ್ಲ. ಕೈಯಲ್ಲಿ ಹಾಳೆಯಿರಲಿಲ್ಲ. ತಲೆಯೆತ್ತಿ, ಇಡೀ ಊರು ನೋಡುವಂತೆ, ಅವಳೊಬ್ಬಳನ್ನೇ ನೋಡುತ್ತ ಹಾಡಿದ.

ಅವಳು ನಕ್ಕಳು. ನಗುತ್ತಲೇ ಬಾಯಿ ತೆರೆದಳು. ಪಾಯದ ಮೇಲೆ ಮನೆ ಎದ್ದಿತು, ಮನೆಗೆ ಕಿಟಕಿಗಳಾದವು. ಎರಡನೆಯ ಚರಣಕ್ಕೆ ಉಳಿದ ಸಾಲುಗಳು ಸೇರಿದವು. ಮೂರನೆಯದಕ್ಕೆ ಆರ್ಗನ್ ಯಾರ ಅಪ್ಪಣೆಯನ್ನೂ ಕಾಯದೆ ಕೂಡಿಕೊಂಡಿತು. ಅತ್ತೆ ಕಣ್ಣು ಮುಚ್ಚಿ ಕುಳಿತಿದ್ದರು. ಕಣ್ಣೀರು ಇಳಿಯುತ್ತಿತ್ತು, ತುಟಿಗಳು ಹಾಡುತ್ತಿದ್ದವು. ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ.

ಆರಾಧನೆ ಮುಗಿದು ಜನ ಅಂಗಳಕ್ಕೆ ಇಳಿದರು. ಅಷ್ಟರಲ್ಲಿ ದಾರ ಕಡಿದು ಕನ್ನಡಕದ ಕಡ್ಡಿ ಅವಳ ಕೈಗೆ ಬಂತು. ಅವನು ಗೇಟಿನ ಹತ್ತಿರ, ಬೆನ್ನು ತಿರುಗಿಸಿ, ಯಾರೊಡನೆಯೋ ಕೈಕುಲುಕುತ್ತಿದ್ದ. ಮೆಟ್ಟಿಲ ಮೇಲೆ ಕಾರ್ಯದರ್ಶಿಗಳು, ಅವರ ಸುತ್ತ ಆ ನಾಲ್ಕು ಜನ. ಡಾಕ್ಟ್ರೇ ಎಂದು ಕೂಗಬಹುದಿತ್ತು. ಕನ್ನಡಕದವ್ರೇ ಎನ್ನಬಹುದಿತ್ತು. ಅವಳು ಪಾಠವನ್ನು ಚೆನ್ನಾಗಿ ಯೋಚಿಸಿದ್ದಳು.

"ರೀ," ಎಂದಳು.

ಅಂಗಳದಲ್ಲಿದ್ದ ಗಂಡಂದಿರೆಲ್ಲ ಒಟ್ಟಿಗೆ ತಿರುಗಿದರು. ಅಭ್ಯಾಸಬಲದಿಂದ ಕಾರ್ಯದರ್ಶಿಗಳೂ ತಿರುಗಿದರು. ತಿರುಗದೆ ನಿಂತವನು ಒಬ್ಬನೇ. ಅವನನ್ನು ಹಾಗೆ, ಬರೀ 'ರೀ' ಎಂದು, ಯಾರೂ ಎಂದೂ ಕರೆದಿರಲಿಲ್ಲ.

ಎಲ್ಲರ ಕಣ್ಣೂ ಅತ್ತೆಯ ಮೇಲೆ ಹೋಯಿತು. ಅತ್ತೆ ಕರವಸ್ತ್ರದಿಂದ ಮುಖ ಒರೆಸಿಕೊಂಡು, ನಿಧಾನವಾಗಿ ಮಡಿಸಿ, ಸೊಸೆಯ ಪಕ್ಕಕ್ಕೆ ಬಂದು ನಿಂತರು.

"ಗಟ್ಟಿಯಾಗಿ ಕರಿಯೇ," ಎಂದರು. "ಹಾಗೆ ಬಾಯಿ ಮುಚ್ಕೊಂಡು ಕರೆದ್ರೆ ಯಾವ ಗಂಡಸಿಗೆ ಕೇಳುತ್ತೆ?"

ಅವಳು ಇನ್ನೊಂದು ಸಲ ಕರೆದಳು. ಈ ಸಲ ಅವನೊಬ್ಬನೇ ತಿರುಗಿದ.